ಹೊರಗಿನ ಡ್ಯಾಕ್ ಜೋಡಿಸಿದ ಮೇಲೆ ಕಾಣಿಸುವ ದೋಷಗಳು: ಪತ್ತೆ ಮತ್ತು ಪರಿಹಾರ

ಮನೆಯಲ್ಲಿ ಹಳೆಯದಾದರೂ ಗಟ್ಟಿಮುಟ್ಟಾದ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಒಳ್ಳೆಯ ಸ್ಪೀಕರ್ ಇದ್ದವರು ಈಗ ಮಾಡಿಕೊಳ್ಳುವ ಮೊದಲ ಸುಧಾರಣೆಯೆಂದರೆ ಹೊರಗಿನಿಂದ ಒಂದು ಡ್ಯಾಕ್ (ಡಿಜಿಟಲ್-ಟು-ಅನಲಾಗ್ ಕನ್ವರ್ಟರ್) ತಂದು ಸೇರಿಸುವುದು. ಸಿ.ಡಿ. ಪ್ಲೇಯರ್, ಟಿ.ವಿ., ಲ್ಯಾಪ್‌ಟಾಪ್, ಫೋನ್ ಇವೆಲ್ಲ ಡಿಜಿಟಲ್ ರೂಪದಲ್ಲಿ ಕೊಡುವ ಸಂಗೀತವನ್ನು ಆ ಒಂದೇ ಪೆಟ್ಟಿಗೆ ಅನಲಾಗ್ ಸಿಗ್ನಲ್ ಆಗಿ ಬದಲಿಸಿ ಆಂಪ್ಲಿಫೈಯರ್‌ಗೆ ಒಪ್ಪಿಸುತ್ತದೆ. ಜೋಡಣೆ ನೋಡಲು ಸುಲಭ; ಆದರೆ ಜೋಡಿಸಿದ ದಿನವೇ ಸದ್ದು ಬಾರದೆ, ಗುಂಯ್ ಎನ್ನುವ ಶಬ್ದ ಬೆರೆತು, ಅಥವಾ ಹಾಡಿನ ನಡುವೆ ಚಟ್ ಚಟ್ ಎಂದು ಕೇಳಿಸಿ, ಕೊಂಡ ವಸ್ತುವೇ ಕೆಟ್ಟದ್ದೆಂದು ಅಂಗಡಿಗೆ ಮರಳಿಸುವವರು ಅನೇಕರಿದ್ದಾರೆ. ಇಂತಹ ದೂರುಗಳಲ್ಲಿ ಬಹುಪಾಲಿಗೆ ಕಾರಣ ಡ್ಯಾಕ್‌ನ ಒಳಗಿರುವುದಿಲ್ಲ. ಅದರ ಸುತ್ತಲಿನ ಕೇಬಲ್, ಸೆಟ್ಟಿಂಗ್, ಸಿಗ್ನಲ್ ಮಟ್ಟ ಮತ್ತು ಮನೆಯ ಅರ್ತಿಂಗ್‌ನಲ್ಲಿರುತ್ತದೆ. ಆದ್ದರಿಂದ ಮರಳಿಸುವ ಮೊದಲು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೈಯಲ್ಲಿರಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಚೆನ್ನಾಗಿದೆಯೆಂದು ಖಚಿತವಾಗಿ ಗೊತ್ತಿರುವ ಒಂದು ಜೊತೆ ಆರ್‌ಸಿಎ ಕೇಬಲ್ (ಕೆಂಪು-ಬಿಳಿ ಪ್ಲಗ್‌ಗಳ ಸಾಮಾನ್ಯ ಆಡಿಯೊ ಕೇಬಲ್), ಒಂದು ಹೆಚ್ಚುವರಿ ಆಪ್ಟಿಕಲ್ ಕೇಬಲ್, ಒಂದು ಹೆಚ್ಚುವರಿ ಯುಎಸ್‌ಬಿ ಕೇಬಲ್, ಫೋನಿನಿಂದ ಆಂಪ್ಲಿಫೈಯರ್‌ಗೆ ನೇರವಾಗಿ ಸೇರಿಸಬಹುದಾದ 3.5 ಮಿ.ಮೀ. ಕೇಬಲ್ ಮತ್ತು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ದುಬಾರಿ ಕೇಬಲ್‌ಗಳು ಇಲ್ಲಿ ಬೇಡ. ದೋಷ ಹುಡುಕುವಾಗ ಬೇಕಾದದ್ದು ನಂಬಿಕೆಗೆ ಅರ್ಹವಾದ ಕೇಬಲ್, ಬೆಲೆಬಾಳುವ ಕೇಬಲ್ ಅಲ್ಲ.

ಸರಪಳಿಯನ್ನು ಎರಡು ಭಾಗ ಮಾಡಿ ನೋಡುವುದು

ಸಂಗೀತದ ಮೂಲ, ಡಿಜಿಟಲ್ ಕೇಬಲ್, ಡ್ಯಾಕ್, ಅನಲಾಗ್ ಕೇಬಲ್, ಆಂಪ್ಲಿಫೈಯರ್, ಸ್ಪೀಕರ್ ಎಂಬ ಸರಪಳಿಯಲ್ಲಿ ದೋಷ ಎಲ್ಲಾದರೂ ಇರಬಹುದು. ಒಂದು ತುದಿಯಿಂದ ಹುಡುಕುತ್ತ ಹೋಗುವುದಕ್ಕಿಂತ ನಡುವೆ ಕತ್ತರಿಸಿ ನೋಡುವುದು ಬೇಗ ಫಲ ಕೊಡುತ್ತದೆ. ಡ್ಯಾಕ್‌ನಿಂದ ಬಂದ ಅನಲಾಗ್ ಕೇಬಲ್ಲನ್ನು ಆಂಪ್ಲಿಫೈಯರ್‌ನಿಂದ ತೆಗೆದು, ಅದೇ ಜಾಗಕ್ಕೆ ಫೋನನ್ನು ನೇರವಾಗಿ ಸೇರಿಸಿ ನುಡಿಸಬೇಕು. ಆಗ ಎರಡೂ ಸ್ಪೀಕರ್‌ಗಳಲ್ಲಿ ಶುದ್ಧವಾದ ಸದ್ದು ಬಂದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಸರಿಯಾಗಿವೆ. ಹುಡುಕಾಟ ಡ್ಯಾಕ್ ಮತ್ತು ಅದರ ಹಿಂದಿನ ಭಾಗಕ್ಕೆ ಸೀಮಿತವಾಗುತ್ತದೆ. ಫೋನಿನಿಂದಲೂ ಅದೇ ತೊಂದರೆ ಬಂದರೆ ಡ್ಯಾಕನ್ನು ಪಕ್ಕಕ್ಕಿಟ್ಟು ಆಂಪ್ಲಿಫೈಯರನ್ನೇ ಪರೀಕ್ಷಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಯಾವುದೇ ಆರ್‌ಸಿಎ ಕೇಬಲ್ಲನ್ನು ತೆಗೆಯುವಾಗ ಅಥವಾ ಹಾಕುವಾಗ ಆಂಪ್ಲಿಫೈಯರ್ ಆಫ್ ಆಗಿರಬೇಕು, ವಾಲ್ಯೂಮ್ ಪೂರ್ತಿ ತಗ್ಗಿರಬೇಕು. ಆರ್‌ಸಿಎ ಪ್ಲಗ್‌ನ ರಚನೆಯಲ್ಲಿ ನಡುವಿನ ಪಿನ್ ಮೊದಲು ತಾಗುತ್ತದೆ, ಹೊರಗಿನ ಗ್ರೌಂಡ್ ಬಳೆ ಆಮೇಲೆ ತಾಗುತ್ತದೆ. ಆ ಕ್ಷಣಮಾತ್ರದಲ್ಲಿ ಎರಡು ಉಪಕರಣಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೆಲ್ಲ ಸಿಗ್ನಲ್ ದಾರಿಯಲ್ಲೇ ಹರಿದು ಸ್ಪೀಕರ್‌ನಲ್ಲಿ ದೊಡ್ಡ ಹೊಡೆತವಾಗಿ ಕೇಳಿಸುತ್ತದೆ; ಟ್ವೀಟರ್ (ತಾರ ಸ್ವರಗಳ ಸಣ್ಣ ಸ್ಪೀಕರ್) ಸುಡುವುದಕ್ಕೂ ಅಷ್ಟು ಸಾಕಾಗಬಹುದು. ಆನ್ ಮಾಡುವಾಗ ಡ್ಯಾಕ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಮತ್ತು ಏನು ಬದಲಿಸಿದಾಗ ಏನಾಯಿತೆಂದು ಬರೆದಿಟ್ಟುಕೊಳ್ಳಬೇಕು. ಕೇಬಲ್ಲನ್ನೂ ಸೆಟ್ಟಿಂಗನ್ನೂ ಒಟ್ಟಿಗೆ ಬದಲಿಸಿ ತೊಂದರೆ ಹೋದರೆ, ಹೋದದ್ದು ಯಾವುದರಿಂದ ಎಂಬುದು ತಿಳಿಯುವುದಿಲ್ಲ, ಮತ್ತೆ ಬಂದಾಗ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಸದ್ದೇ ಬಾರದಿದ್ದರೆ

ಮೊದಲು ಡ್ಯಾಕ್‌ನ ಮುಖವನ್ನು ನೋಡಬೇಕು. ಬಹುತೇಕ ಡ್ಯಾಕ್‌ಗಳಲ್ಲಿ ಸಿಗ್ನಲ್ ಸಿಕ್ಕಿದೆಯೆಂದು ತಿಳಿಸುವ ಒಂದು ದೀಪ ಅಥವಾ 44.1, 48, 96 ಎಂದು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸಿಗ್ನಲ್ಲನ್ನು ಎಷ್ಟು ಸಾವಿರ ಸಲ ಅಳೆದಿದೆ ಎಂಬ ಸಂಖ್ಯೆ) ತೋರಿಸುವ ಪರದೆ ಇರುತ್ತದೆ. ಆ ದೀಪ ಹೊತ್ತಿಲ್ಲದಿದ್ದರೆ ಅಥವಾ ಮಿನುಗುತ್ತಿದ್ದರೆ ದೋಷ ಡಿಜಿಟಲ್ ಭಾಗದಲ್ಲಿದೆ. ಅದು ಸ್ಥಿರವಾಗಿ ಹೊತ್ತಿದ್ದು ಸದ್ದು ಮಾತ್ರ ಇಲ್ಲವೆಂದರೆ ಅನಲಾಗ್ ಭಾಗದಲ್ಲಿ ಹುಡುಕಬೇಕು. ಈ ಒಂದೇ ಗುರುತು ಅರ್ಧ ಕೆಲಸವನ್ನು ಉಳಿಸುತ್ತದೆ.

ಡಿಜಿಟಲ್ ಭಾಗದಲ್ಲಿ ಆಪ್ಟಿಕಲ್ ಕೇಬಲ್ ಬಳಸಿದ್ದರೆ ಅದರ ಪ್ಲಗ್ಗನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದು ಒಳ್ಳೆಯದು. ತೋಷಿಬಾ ಕಂಪನಿ 1983ರಲ್ಲಿ ತಂದ ಈ ಟಾಸ್‌ಲಿಂಕ್ ಪ್ಲಗ್‌ನ ತುದಿಗೆ ಹೊಸ ಕೇಬಲ್‌ಗಳಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿರುತ್ತಾರೆ. ಅದು ಪಾರದರ್ಶಕವಾಗಿರುವುದರಿಂದ ಪ್ಲಗ್‌ನ ಭಾಗವೇ ಎಂಬಂತೆ ಕಾಣುತ್ತದೆ. ಅದನ್ನು ತೆಗೆಯದೆ ತುರುಕಿದರೆ ಪ್ಲಗ್ ಪೂರ್ತಿ ಒಳಗೆ ಹೋಗುವುದಿಲ್ಲ, ಕ್ಲಿಕ್ ಎಂದು ಕೂರುವುದೂ ಇಲ್ಲ. ಟೊಪ್ಪಿಗೆ ತೆಗೆದ ಮೇಲೆ ಒಂದು ತುದಿಯನ್ನು ಟಿ.ವಿ. ಅಥವಾ ಪ್ಲೇಯರ್‌ಗೆ ಸೇರಿಸಿ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಚರ್ಮದ ಮೇಲೆ ಕೆಂಪು ಚುಕ್ಕೆಯೊಂದು ಬೀಳಬೇಕು. ಚುಕ್ಕೆ ಇಲ್ಲದಿದ್ದರೆ ಮೂಲದಲ್ಲಿ ಆಪ್ಟಿಕಲ್ ಔಟ್‌ಪುಟ್ ಆನ್ ಆಗಿಲ್ಲ ಅಥವಾ ಕೇಬಲ್ ಎಲ್ಲೋ ತೀರಾ ಬಾಗಿ ಒಳಗಿನ ಎಳೆ ಮುರಿದಿದೆ. ಗೋಡೆಗೆ ಅಂಟಿಸಿದ ಟಿ.ವಿ.ಯ ಹಿಂದೆ ಕೇಬಲ್ ತೊಂಬತ್ತು ಡಿಗ್ರಿ ಮಡಚಿಕೊಂಡಿರುವುದು ಸಾಮಾನ್ಯ. ಅಲ್ಲಿ ಮೂಲೆ ತಿರುಗಿಸುವ ಸಣ್ಣ ಅಡಾಪ್ಟರ್ ಹಾಕಬೇಕು.

ಕೋಆಕ್ಸಿಯಲ್ ಜೋಡಣೆಯಲ್ಲಿ ಗೊಂದಲಕ್ಕೆ ಕಾರಣ ಸಾಕೆಟ್‌ನ ಆಕಾರ. ಡಿಜಿಟಲ್ ಕೋಆಕ್ಸಿಯಲ್‌ಗೂ ಅನಲಾಗ್ ಆರ್‌ಸಿಎಗೂ ಒಂದೇ ಬಗೆಯ ಸಾಕೆಟ್ ಇರುವುದರಿಂದ ಸಿ.ಡಿ. ಪ್ಲೇಯರ್‌ನ ಕೋಆಕ್ಸಿಯಲ್ ಔಟ್‌ಪುಟ್ಟನ್ನು ತಪ್ಪಿ ಆಂಪ್ಲಿಫೈಯರ್‌ಗೇ ಸೇರಿಸುವುದು, ಅನಲಾಗ್ ಔಟ್‌ಪುಟ್ಟನ್ನು ಡ್ಯಾಕ್‌ನ ಕೋಆಕ್ಸಿಯಲ್ ಇನ್‌ಪುಟ್‌ಗೆ ಸೇರಿಸುವುದು ಎರಡೂ ಆಗುತ್ತವೆ. ಡಿಜಿಟಲ್ ಸಾಕೆಟ್ ಒಂದೇ ಇರುತ್ತದೆ, ಅನಲಾಗ್ ಜೊತೆಯಾಗಿ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಈ ಸಿಗ್ನಲ್ ಸುಮಾರು ಅರ್ಧ ವೋಲ್ಟ್‌ನದು, 75 ಓಮ್‌ನ ಕೇಬಲ್‌ಗೆಂದು ರೂಪಿಸಿದ್ದು. ಹಳೆಯ ವಿ.ಸಿ.ಡಿ. ಪ್ಲೇಯರ್ ಜೊತೆ ಬಂದ ಹಳದಿ ಬಣ್ಣದ ವಿಡಿಯೊ ಕೇಬಲ್ ಮೂಲೆಯಲ್ಲಿ ಬಿದ್ದಿದ್ದರೆ ಅದೂ 75 ಓಮ್‌ನದೇ. ಪರೀಕ್ಷೆಗೆ ಧಾರಾಳವಾಗಿ ಬಳಸಬಹುದು.

ಟಿ.ವಿ.ಯಿಂದ ಸದ್ದು ಬಾರದಿದ್ದರೆ, ಅಥವಾ ಸುದ್ದಿ ವಾಹಿನಿಯಲ್ಲಿ ಬಂದು ಸಿನಿಮಾ ಆ್ಯಪ್‌ಗಳಲ್ಲಿ ಬಾರದಿದ್ದರೆ, ಕಾರಣ ಬಹುಮಟ್ಟಿಗೆ ಖಚಿತ. ಟಿ.ವಿ. ಡಾಲ್ಬಿ ಡಿಜಿಟಲ್ ರೂಪದಲ್ಲಿ ಕಳುಹಿಸುತ್ತಿದೆ. ಸ್ಟೀರಿಯೊ ಡ್ಯಾಕ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ, ಆದ್ದರಿಂದ ಅದು ಮೌನವಾಗುತ್ತದೆ ಅಥವಾ ಕರಕರ ಎನ್ನುತ್ತದೆ. ಟಿ.ವಿ.ಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಆಟೊ ಅಥವಾ ಬಿಟ್‌ಸ್ಟ್ರೀಮ್‌ನಿಂದ ಪಿಸಿಎಂಗೆ, ಅಂದರೆ ಸಂಕುಚಿಸದ ಸಾದಾ ಡಿಜಿಟಲ್ ರೂಪಕ್ಕೆ, ಬದಲಿಸಬೇಕು. ಡಿ.ಟಿ.ಎಚ್. ಪೆಟ್ಟಿಗೆಯಿಂದ ನೇರ ಜೋಡಣೆಯಿದ್ದರೆ ಅಲ್ಲಿಯೂ ಇದೇ ಬದಲಾವಣೆ ಬೇಕಾಗುತ್ತದೆ.

ದೀಪ ಹೊತ್ತಿದ್ದೂ ಸದ್ದಿಲ್ಲದಿದ್ದರೆ ಡ್ಯಾಕ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸಿದೆಯೇ, ಔಟ್‌ಪುಟ್ ಆಯ್ಕೆ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ದುಂಡನೆಯ ಸಾಕೆಟ್) ಮೇಲೆ ನಿಂತಿದೆಯೇ, ವಾಲ್ಯೂಮ್ ಕನಿಷ್ಠದಲ್ಲಿದೆಯೇ ಎಂದು ನೋಡಬೇಕು. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಇನ್ನೂ ಒಂದು ಸಂಗತಿಯಿದೆ: ಟೇಪ್ ಮಾನಿಟರ್ ಎಂಬ ಗುಂಡಿ. ಅದು ಒತ್ತಿದ ಸ್ಥಿತಿಯಲ್ಲಿದ್ದರೆ ಆಂಪ್ಲಿಫೈಯರ್ ಇಲ್ಲದ ಟೇಪ್ ಡೆಕ್‌ನ ಸದ್ದಿಗಾಗಿ ಕಾಯುತ್ತಿರುತ್ತದೆ ಮತ್ತು ಬೇರೆ ಯಾವ ಇನ್‌ಪುಟ್ ಆರಿಸಿದರೂ ಮೌನವೇ. ಕ್ಯಾಸೆಟ್ ಕಾಲವನ್ನು ಕಾಣದ ಮನೆಮಂದಿ ಧೂಳು ಒರೆಸುವಾಗ ಆ ಗುಂಡಿ ಒತ್ತಿಹೋಗುವ ಸಾಧ್ಯತೆ ಬಹಳ.

ಕಂಪ್ಯೂಟರ್ ಮತ್ತು ಫೋನ್

ಯುಎಸ್‌ಬಿ ಜೋಡಣೆಯಲ್ಲಿ ಡ್ಯಾಕ್ ಕಾಣಿಸುವುದೇ ಇಲ್ಲವೆಂದರೆ ಕೇಬಲ್ಲನ್ನು ಮೊದಲು ಸಂಶಯಿಸಬೇಕು. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳಿರುವುದಿಲ್ಲ. ದೀಪ ಹೊತ್ತುತ್ತದೆ, ಕಂಪ್ಯೂಟರ್ ಮಾತ್ರ ಡ್ಯಾಕನ್ನು ಗುರುತಿಸುವುದಿಲ್ಲ. ಕೇಬಲ್ ಸರಿಯಿದ್ದರೆ ಮುಂದಿನ ಪ್ರಶ್ನೆ ಡ್ರೈವರ್‌ನದು. ಯುಎಸ್‌ಬಿ ಆಡಿಯೊದ ಮೊದಲ ದರ್ಜೆಯ ಡ್ಯಾಕ್‌ಗಳು 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಯಾವ ಡ್ರೈವರ್ ಇಲ್ಲದೆ ನಡೆಯುತ್ತವೆ. ಅದಕ್ಕಿಂತ ಹೆಚ್ಚಿನ ವೇಗದ ಎರಡನೇ ದರ್ಜೆಯನ್ನು ವಿಂಡೋಸ್ ತಾನಾಗಿ ಬೆಂಬಲಿಸಲು ತೊಡಗಿದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಿಂದ. ವಿಂಡೋಸ್ 7 ಇರುವ ಹಳೆಯ ಲ್ಯಾಪ್‌ಟಾಪನ್ನು ಸಂಗೀತಕ್ಕೆಂದು ಮೀಸಲಿಟ್ಟವರು ತಯಾರಕರ ಡ್ರೈವರ್ ಹಾಕಲೇಬೇಕು. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಈ ಕಷ್ಟವಿಲ್ಲ.

ಹಾಡಿನ ನಡುವೆ ಚಟ್ ಎನ್ನುವ ಸದ್ದು, ಕ್ಷಣಮಾತ್ರದ ವಿರಾಮ ಬರುವುದಾದರೆ ಡೇಟಾ ಸಮಯಕ್ಕೆ ತಲುಪುತ್ತಿಲ್ಲವೆಂದು ಅರ್ಥ. ಡ್ಯಾಕನ್ನು ಯುಎಸ್‌ಬಿ ಹಬ್‌ನಿಂದ ತೆಗೆದು ಕಂಪ್ಯೂಟರ್‌ನ ಪೋರ್ಟ್‌ಗೆ ನೇರವಾಗಿ ಹಾಕಬೇಕು, ಡ್ರೈವರ್‌ನ ಬಫರ್ (ಡೇಟಾವನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ಗಾತ್ರವನ್ನು ಒಂದು ಹಂತ ಹೆಚ್ಚಿಸಬೇಕು, ಯುಎಸ್‌ಬಿಯ ವಿದ್ಯುತ್ ಉಳಿಸುವ ಸೆಟ್ಟಿಂಗನ್ನು ನಿಲ್ಲಿಸಬೇಕು. ಇಷ್ಟಕ್ಕೂ ನಿಲ್ಲದಿದ್ದರೆ ವೈಫೈ ಆಫ್ ಮಾಡಿ ಕಂಪ್ಯೂಟರ್‌ನಲ್ಲೇ ಇರುವ ಒಂದು ಹಾಡನ್ನು ನುಡಿಸಿ ನೋಡಬೇಕು. ಆಗ ನಿಂತರೆ ತಪ್ಪು ವೈಫೈ ಡ್ರೈವರ್‌ನದು ಅಥವಾ ಸ್ಟ್ರೀಮಿಂಗ್‌ನದು. ಆದರೆ ಹಾಡು ಬದಲಾದಾಗ ಮಾತ್ರ ಡ್ಯಾಕ್‌ನ ಒಳಗಿನಿಂದ ಟಕ್ ಎನ್ನುವ ಸಣ್ಣ ಸದ್ದು ಕೇಳಿದರೆ ಅದು ದೋಷವಲ್ಲ. 44.1ರ ಹಾಡಿನಿಂದ 96ರ ಹಾಡಿಗೆ ಹೋಗುವಾಗ ಒಳಗಿನ ರಿಲೇ ಔಟ್‌ಪುಟ್ಟನ್ನು ಕ್ಷಣಕಾಲ ಮುಚ್ಚಿ ತೆರೆಯುತ್ತದೆ, ಅಷ್ಟೇ.

ಪರದೆಯ ಮೇಲೆ ಯಾವ ಹಾಡು ನುಡಿಸಿದರೂ 48 ಎಂದೇ ತೋರಿಸುತ್ತಿದ್ದರೆ ಕಂಪ್ಯೂಟರ್ ಅಥವಾ ಫೋನ್ ಎಲ್ಲವನ್ನೂ ತನ್ನ ಮಿಕ್ಸರ್ ಮೂಲಕ ಹಾಯಿಸಿ 48 ಕಿಲೋಹರ್ಟ್ಸ್‌ಗೆ ಪರಿವರ್ತಿಸುತ್ತಿದೆ. ವಿಂಡೋಸ್‌ನಲ್ಲಿ ನುಡಿಸುವ ತಂತ್ರಾಂಶದ ಎಕ್ಸ್‌ಕ್ಲೂಸಿವ್ ಮೋಡ್ ಆರಿಸಿದರೆ ಇದು ತಪ್ಪುತ್ತದೆ. ಆಂಡ್ರಾಯ್ಡ್‌ನಲ್ಲಿ 14ನೇ ಆವೃತ್ತಿಯಿಂದ ಯುಎಸ್‌ಬಿಗೆ ಬದಲಾಗದ ಡೇಟಾ ಕಳುಹಿಸುವ ಅವಕಾಶ ಬಂದಿದೆಯಾದರೂ ಫೋನ್ ತಯಾರಕರು ಮತ್ತು ಆ್ಯಪ್ ಇಬ್ಬರೂ ಅದನ್ನು ಅಳವಡಿಸಿಕೊಂಡಿರಬೇಕು. ಈ ಪರಿವರ್ತನೆಯಿಂದ ಕಿವಿಗೆ ದೊಡ್ಡ ನಷ್ಟವಾಗುತ್ತದೆಂದು ನಾನು ಹೇಳಲಾರೆ. ಆದರೆ ಡ್ಯಾಕ್ ಕೆಟ್ಟಿದೆಯೆಂದು ಭಾವಿಸುವ ಅಗತ್ಯವಂತೂ ಇಲ್ಲ. ಫೋನ್‌ಗೆ ಸೇರಿಸಿದ ಡ್ಯಾಕ್ ಆಗಾಗ ಸಂಪರ್ಕ ಕಳೆದುಕೊಂಡರೆ ಫೋನ್ ಕೊಡುವ ವಿದ್ಯುತ್ ಸಾಲುತ್ತಿಲ್ಲ. ಪ್ರತ್ಯೇಕ ಪವರ್ ಪೋರ್ಟ್ ಇದ್ದರೆ ಅದಕ್ಕೆ ಅಡಾಪ್ಟರ್ ಕೊಡಬೇಕು.

ಗುಂಯ್ ಎನ್ನುವ ಶಬ್ದ

ನಮ್ಮ ಮನೆಗಳಲ್ಲಿ ಡ್ಯಾಕ್ ಜೋಡಿಸಿದವರನ್ನು ಅತಿ ಹೆಚ್ಚು ಕಾಡುವುದು ಇದೇ, ಮತ್ತು ಅತಿ ಹೆಚ್ಚು ಹಣ ವ್ಯರ್ಥವಾಗುವುದೂ ಇದಕ್ಕಾಗಿಯೇ. ಪವರ್ ಕೇಬಲ್, ಸ್ಟೆಬಿಲೈಸರ್, ಫಿಲ್ಟರ್ ಎಂದು ಒಂದೊಂದನ್ನೇ ಕೊಳ್ಳುವ ಮೊದಲು ಶಬ್ದ ಯಾವ ಬಗೆಯದೆಂದು ಶಾಂತವಾಗಿ ಕೇಳಬೇಕು. ಹಾಡು ನಿಲ್ಲಿಸಿ, ಆಂಪ್ಲಿಫೈಯರ್‌ನ ವಾಲ್ಯೂಮನ್ನು ನಿಧಾನವಾಗಿ ಏರಿಸಿದಾಗ ಶಬ್ದವೂ ಏರಿದರೆ ಅದು ವಾಲ್ಯೂಮ್ ಗುಂಡಿಗಿಂತ ಮೊದಲೇ, ಅಂದರೆ ಡ್ಯಾಕ್ ಕಡೆಯಿಂದ ಒಳಬರುತ್ತಿದೆ. ಏರದೆ ಒಂದೇ ಸಮ ಇದ್ದರೆ ಆಂಪ್ಲಿಫೈಯರ್‌ನ ಒಳಗಿನದು. ಹಳೆಯ ಆಂಪ್ಲಿಫೈಯರ್‌ನಲ್ಲಿ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರಬಹುದು. ಇನ್ನು ಪೆಟ್ಟಿಗೆಯ ಒಳಗಿನಿಂದಲೇ, ಸ್ಪೀಕರ್‌ನಿಂದಲ್ಲದೆ ಕೇಳಿಸುವ ಗುಂಯ್‌ಗುಡುವಿಕೆ ಟ್ರಾನ್ಸ್‌ಫಾರ್ಮರ್‌ನದು. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಅದು ಜೋರಾದರೆ ಇನ್ವರ್ಟರ್ ಸೈನ್ ವೇವ್ ಅಲ್ಲದೆ ಸ್ಕ್ವೇರ್ ವೇವ್ ಕೊಡುತ್ತಿದೆ.

ಡ್ಯಾಕ್ ಕಡೆಯಿಂದ ಬರುವ ಗುಂಯ್‌ಗೆ ಸಾಮಾನ್ಯ ಕಾರಣ ಗ್ರೌಂಡ್ ಲೂಪ್. ಎರಡು ಉಪಕರಣಗಳು ಗೋಡೆಯ ಸಾಕೆಟ್‌ನ ಅರ್ತ್ ಮೂಲಕವೂ ಸಿಗ್ನಲ್ ಕೇಬಲ್‌ನ ಗ್ರೌಂಡ್ ಮೂಲಕವೂ ಒಂದಕ್ಕೊಂದು ಸೇರಿಕೊಂಡಾಗ ಒಂದು ಸುತ್ತು ಏರ್ಪಡುತ್ತದೆ. ಅದರಲ್ಲಿ ಹರಿಯುವ 50 ಹರ್ಟ್ಸ್ ಕರೆಂಟು ಸಿಗ್ನಲ್ ಕೇಬಲ್‌ನ ಗ್ರೌಂಡ್ ತಂತಿಯ ಮೇಲೆ ಸಣ್ಣ ವೋಲ್ಟೇಜನ್ನು ಹುಟ್ಟಿಸುತ್ತದೆ. ಆಂಪ್ಲಿಫೈಯರ್‌ಗೆ ಅದು ಸಂಗೀತದ ಭಾಗವೇ. ಪತ್ತೆ ಮಾಡುವ ಬಗೆ ಹೀಗೆ: ಡ್ಯಾಕನ್ನು ಆಂಪ್ಲಿಫೈಯರ್‌ಗೆ ಸೇರಿಸಿಯೇ ಇಟ್ಟು, ಡ್ಯಾಕ್‌ಗೆ ಬರುವ ಎಲ್ಲ ಡಿಜಿಟಲ್ ಕೇಬಲ್‌ಗಳನ್ನೂ ತೆಗೆಯಬೇಕು. ಶಬ್ದ ಮಾಯವಾದರೆ ಒಂದೊಂದೇ ಕೇಬಲ್ ಮತ್ತೆ ಹಾಕುತ್ತ ಬರಬೇಕು. ಯಾವುದನ್ನು ಹಾಕಿದಾಗ ಶಬ್ದ ಮರಳಿತೋ ಲೂಪ್ ಆ ದಾರಿಯಲ್ಲಿದೆ. ಲ್ಯಾಪ್‌ಟಾಪ್ ದಾರಿಯಲ್ಲಿದ್ದರೆ ಅದರ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಶಬ್ದ ಥಟ್ಟನೆ ನಿಲ್ಲುತ್ತದೆ. ಮೌಸ್ ಆಡಿಸಿದಾಗ ಅಥವಾ ಪುಟ ಸರಿಸಿದಾಗ ಕಿರಕಿರ ಎನ್ನುವ ಶಬ್ದ ಬದಲಾಗುತ್ತಿದ್ದರೂ ಇದೇ ಕುಟುಂಬದ ದೋಷ. ಟಿ.ವಿ. ದಾರಿಯಲ್ಲಿದ್ದರೆ ಡಿ.ಟಿ.ಎಚ್. ಅಥವಾ ಕೇಬಲ್ ಟಿ.ವಿ.ಯ ತಂತಿಯನ್ನು ಸೆಟ್‌ಟಾಪ್ ಪೆಟ್ಟಿಗೆಯಿಂದ ಬಿಚ್ಚಿ ನೋಡಬೇಕು, ಏಕೆಂದರೆ ಆ ತಂತಿಯ ಹೊರಕವಚ ಕಟ್ಟಡದ ಇನ್ನೆಲ್ಲೋ ಬೇರೊಂದು ಅರ್ತ್‌ಗೆ ತಾಗಿರುತ್ತದೆ.

ಪರಿಹಾರಗಳಲ್ಲಿ ಅಗ್ಗವಾದದ್ದೂ ಪರಿಪೂರ್ಣವಾದದ್ದೂ ಆಪ್ಟಿಕಲ್ ಕೇಬಲ್. ಅದರಲ್ಲಿ ಲೋಹದ ಸಂಪರ್ಕವೇ ಇಲ್ಲದ ಕಾರಣ ಲೂಪ್ ತುಂಡಾಗುತ್ತದೆ. ಟಿ.ವಿ.ಗೆ ಯಾವಾಗಲೂ ಆಪ್ಟಿಕಲ್ಲನ್ನೇ ಬಳಸುವುದು ನನ್ನ ಸಲಹೆ. ಅದಕ್ಕೊಂದು ಮಿತಿಯಿದೆ: ಹಲವು ಆಪ್ಟಿಕಲ್ ಜೋಡಣೆಗಳು 96 ಕಿಲೋಹರ್ಟ್ಸ್‌ವರೆಗೆ ಮಾತ್ರ ನಂಬಿಕೆಯಿಂದ ನಡೆಯುತ್ತವೆ, 192ರಲ್ಲಿ ತಡವರಿಸುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಯುಎಸ್‌ಬಿ ಐಸೊಲೇಟರ್ (ಡೇಟಾ ಹಾಯಿಸಿ ಲೋಹದ ಸಂಪರ್ಕ ತುಂಡರಿಸುವ ಸಾಧನ) ಬಳಸಬಹುದು. ಆದರೆ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವವು ಬಹುತೇಕ ಸೆಕೆಂಡಿಗೆ 12 ಮೆಗಾಬಿಟ್ ವೇಗದವು. ಅವುಗಳ ಮೂಲಕ ಮೊದಲ ದರ್ಜೆಯ ಆಡಿಯೊ ಮಾತ್ರ ಹಾಯುತ್ತದೆ. ಎರಡನೇ ದರ್ಜೆಯ ಡ್ಯಾಕ್ ಇದ್ದವರು 480 ಮೆಗಾಬಿಟ್‌ನ ಐಸೊಲೇಟರ್ ಎಂದು ಖಚಿತಪಡಿಸಿಕೊಂಡೇ ಕೊಳ್ಳಬೇಕು, ಇಲ್ಲವಾದರೆ ಗುಂಯ್ ಹೋಗಿ ಡ್ಯಾಕ್ ಕಾಣಿಸದಿರುವ ಹೊಸ ತೊಂದರೆ ಹುಟ್ಟುತ್ತದೆ. ಎಲ್ಲ ಉಪಕರಣಗಳನ್ನೂ ಒಂದೇ ಗೋಡೆಯ ಸಾಕೆಟ್‌ನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಮೂಲಕ ನಡೆಸಿದರೂ ಶಬ್ದ ಎಷ್ಟೋ ತಗ್ಗುತ್ತದೆ.

ಮೂರು ಪಿನ್‌ನ ಪ್ಲಗ್‌ನಲ್ಲಿ ದಪ್ಪನೆಯ ಅರ್ತ್ ಪಿನ್ ಕತ್ತರಿಸಿದರೆ ಗುಂಯ್ ನಿಲ್ಲುತ್ತದೆಂದು ಹೇಳುವವರಿದ್ದಾರೆ. ನಿಲ್ಲುವುದೂ ಉಂಟು. ಆದರೆ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಕೆಟ್ಟ ದಿನ ಆಂಪ್ಲಿಫೈಯರ್‌ನ ಲೋಹದ ಮೈಯಲ್ಲಿ 230 ವೋಲ್ಟ್ ಕುಳಿತಿರುತ್ತದೆ, ಅದನ್ನು ನೆಲಕ್ಕಿಳಿಸುವ ದಾರಿ ಇರುವುದಿಲ್ಲ. ಈ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ: ಮನೆಯಲ್ಲಿ ಅರ್ತಿಂಗ್ ಇಲ್ಲದಿರುವುದು, ಅಥವಾ ಇದ್ದೂ ಕೆಲಸ ಮಾಡದಿರುವುದು. ಡ್ಯಾಕ್ ಅಥವಾ ಲ್ಯಾಪ್‌ಟಾಪ್‌ನ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಮೆಲ್ಲಗೆ ಸವರಿದಾಗ ಜುಮ್ಮೆನ್ನುವ ಅನುಭವವಾದರೆ ಅದರ ಗುರುತು. ಇಂದಿನ ಅಡಾಪ್ಟರ್‌ಗಳು ಬಹುತೇಕ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಬಗೆಯವು. ಅವುಗಳ ಒಳಗಿನ ಸಣ್ಣ ಕೆಪಾಸಿಟರ್‌ಗಳ ಮೂಲಕ ಅತ್ಯಲ್ಪ ಕರೆಂಟು ಉಪಕರಣದ ಮೈಗೆ ಸೋರುತ್ತದೆ, ನೆಲಕ್ಕೆ ದಾರಿಯಿಲ್ಲದಾಗ ಮಲ್ಟಿಮೀಟರ್ ಅಲ್ಲಿ ನೂರರ ಆಸುಪಾಸಿನ ವೋಲ್ಟ್ ತೋರಿಸಬಹುದು. ಆ ಸೋರಿಕೆ ಸಿಗ್ನಲ್ ಕೇಬಲ್ ಹಿಡಿದು ಆಂಪ್ಲಿಫೈಯರ್‌ಗೆ ಹರಿದಾಗ ಕರಕರ ಬೆರೆತ ಗುಂಯ್ ಕೇಳಿಸುತ್ತದೆ. ಎಲೆಕ್ಟ್ರಿಷಿಯನ್ ಒಬ್ಬರಿಂದ ಸಾಕೆಟ್‌ನಲ್ಲಿ ಮೂರು ಅಳತೆ ಮಾಡಿಸಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಹತ್ತಿರ, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಕಡಿಮೆ ಬರಬೇಕು. ಫೇಸ್ ಮತ್ತು ಅರ್ತ್ ನಡುವಿನ ಅಳತೆ ಬಹಳ ಕಡಿಮೆಯಿದ್ದರೆ ಅಥವಾ ನಿಲ್ಲದೆ ಓಲಾಡುತ್ತಿದ್ದರೆ ಅರ್ತ್ ತಂತಿ ಎಲ್ಲೋ ಕಡಿದಿದೆ. ಸ್ವಂತ ಮನೆಯಿರುವವರು ಅಂಗಳದ ಅರ್ತ್ ಗುಂಡಿಯನ್ನೂ ನೋಡಬೇಕು. ಇದ್ದಿಲು, ಉಪ್ಪು ತುಂಬಿದ ಹಳೆಯ ಬಗೆಯ ಗುಂಡಿ ಬೇಸಿಗೆಯಲ್ಲಿ ಒಣಗಿ ಅದರ ರೋಧ ಏರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಶಬ್ದ ಹೆಚ್ಚಾಗಿ ಮಳೆ ಬಿದ್ದ ಮೇಲೆ ತಗ್ಗುವ ಮನೆಗಳಲ್ಲಿ ಗುಂಡಿಗೆ ನಿಯಮಿತವಾಗಿ ನೀರು ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಅರ್ತಿಂಗ್ ಸರಿಯಿರುವುದು ಸಂಗೀತಕ್ಕಿಂತ ಮನೆಯವರ ಜೀವಕ್ಕೆ ಮುಖ್ಯ. ಈ ನೆಪದಲ್ಲಾದರೂ ಅದನ್ನು ಸರಿಪಡಿಸಿಕೊಂಡರೆ ಡ್ಯಾಕ್ ಕೊಂಡದ್ದು ಎರಡು ಬಗೆಯಲ್ಲಿ ಸಾರ್ಥಕ.

ಆಂಪ್ಲಿಫೈಯರ್‌ನಲ್ಲೂ ಡ್ಯಾಕ್‌ನಲ್ಲೂ ಎಕ್ಸ್‌ಎಲ್‌ಆರ್ ಸಾಕೆಟ್ ಇದ್ದರೆ ಬ್ಯಾಲೆನ್ಸ್ಡ್ ಜೋಡಣೆಗೆ ಹೋಗುವುದು ಇನ್ನೊಂದು ಒಳ್ಳೆಯ ದಾರಿ. ಅದರಲ್ಲಿ 1ನೇ ಪಿನ್ ಗ್ರೌಂಡ್ ಆಗಿದ್ದು, 2 ಮತ್ತು 3ನೇ ಪಿನ್‌ಗಳ ನಡುವಿನ ವ್ಯತ್ಯಾಸವೇ ಸಿಗ್ನಲ್ ಆಗಿರುವುದರಿಂದ ಎರಡರ ಮೇಲೂ ಸಮನಾಗಿ ಬಂದ ಗುಂಯ್ ತಾನಾಗಿ ಕಳೆದುಹೋಗುತ್ತದೆ.

ಒಡೆದ, ಒರಟಾದ ಸದ್ದು

ಸದ್ದು ವಿಪರೀತ ಜೋರಾಗಿ, ಮಂದ್ರ ಉಬ್ಬಿ, ಪೂರ್ತಿ ಒಡೆದು ಕೇಳಿಸಿದರೆ ಡ್ಯಾಕ್‌ನ ಕೇಬಲ್ ಫೋನೊ ಇನ್‌ಪುಟ್‌ನಲ್ಲಿದೆ. ಆ ಇನ್‌ಪುಟ್ ರೆಕಾರ್ಡ್ ಪ್ಲೇಯರ್‌ನ ಮೂರರಿಂದ ಐದು ಮಿಲಿವೋಲ್ಟ್‌ಗಳ ಸಿಗ್ನಲ್‌ಗಾಗಿ ಮಾಡಿದ್ದು. ಡ್ಯಾಕ್ ಕೊಡುವುದು 2 ವೋಲ್ಟ್, ಅಂದರೆ ನೂರಾರು ಪಟ್ಟು. ಸಿ.ಡಿ., ಆಕ್ಸ್, ಟ್ಯೂನರ್, ಟೇಪ್ ಎಂದು ಬರೆದಿರುವ ಯಾವುದಕ್ಕಾದರೂ ಬದಲಿಸಬೇಕು.

ಸರಿಯಾದ ಇನ್‌ಪುಟ್‌ನಲ್ಲಿದ್ದೂ ವಾಲ್ಯೂಮ್ ಸ್ವಲ್ಪ ತಿರುಗಿಸಿದೊಡನೆ ಅಬ್ಬರಿಸುವುದು, ತೀರಾ ತಗ್ಗಿಸಿದಾಗ ಎಡ-ಬಲಗಳಲ್ಲಿ ಒಂದು ಕಡೆ ಕ್ಷೀಣಿಸುವುದು ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಕಾಣುತ್ತದೆ. ಟ್ಯೂನರ್, ಟೇಪ್‌ಗಳ ಕಾಲದ ಆಂಪ್ಲಿಫೈಯರ್‌ಗೆ ಪೂರ್ಣ ಶಕ್ತಿ ಕೊಡಲು ಸುಮಾರು 150ರಿಂದ 200 ಮಿಲಿವೋಲ್ಟ್ ಸಾಕು. ಅದಕ್ಕೆ ಹತ್ತು ಪಟ್ಟು ಸಿಗ್ನಲ್ ಕೊಟ್ಟರೆ ವಾಲ್ಯೂಮ್ ಗುಂಡಿಯ ಮೊದಲ ಕಾಲು ಭಾಗವಷ್ಟೇ ಉಪಯೋಗಕ್ಕೆ ಬರುತ್ತದೆ, ಮತ್ತು ಆ ಭಾಗದಲ್ಲೇ ಗುಂಡಿಯ ಎರಡು ಟ್ರ್ಯಾಕ್‌ಗಳ ಹೊಂದಾಣಿಕೆ ದುರ್ಬಲ. ಡ್ಯಾಕ್‌ನಲ್ಲಿ ಔಟ್‌ಪುಟ್ಟನ್ನು 1 ವೋಲ್ಟ್‌ಗೆ ಇಳಿಸುವ ಸೆಟ್ಟಿಂಗ್ ಇದ್ದರೆ ಇಳಿಸಬೇಕು. ಇಲ್ಲದಿದ್ದರೆ 10 ಡೆಸಿಬೆಲ್‌ನ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಪ್ಲಗ್) ಜೋಡಿಯನ್ನು ಆಂಪ್ಲಿಫೈಯರ್ ತುದಿಯಲ್ಲಿ ಹಾಕಬೇಕು. ಡ್ಯಾಕ್‌ನ ಡಿಜಿಟಲ್ ವಾಲ್ಯೂಮನ್ನು 10 ಡೆಸಿಬೆಲ್ ತಗ್ಗಿಸಿದರೂ ಇಂದಿನ 24 ಅಥವಾ 32 ಬಿಟ್ ಡ್ಯಾಕ್‌ಗಳಲ್ಲಿ 16 ಬಿಟ್‌ನ ಸಂಗೀತಕ್ಕೆ ಕೇಳಿಸುವಂಥ ಹಾನಿಯಿಲ್ಲ.

ಕೆಲವು ಸಿ.ಡಿ.ಗಳಲ್ಲಿ ಮಾತ್ರ, ಅದರಲ್ಲೂ ಜೋರಾಗಿ ಮಾಸ್ಟರ್ ಮಾಡಿದ (ಬಿಡುಗಡೆಗೆ ಮುನ್ನ ಮಟ್ಟ ಏರಿಸಿ ಅಂತಿಮಗೊಳಿಸಿದ) ಹೊಸ ಸಿನಿಮಾ ಹಾಡುಗಳಲ್ಲಿ, ತಾಳವಾದ್ಯದ ಪ್ರತಿ ಪೆಟ್ಟಿಗೂ ಸದ್ದು ಒರಟಾಗುತ್ತಿದ್ದರೆ ಎರಡು ಸ್ಯಾಂಪಲ್‌ಗಳ ನಡುವಿನ ಅಲೆ ಗರಿಷ್ಠ ಮಟ್ಟವನ್ನು ಮೀರುತ್ತಿದೆ. ಸಂಖ್ಯೆಗಳು ಮಿತಿಯಲ್ಲಿದ್ದರೂ ಅವುಗಳನ್ನು ಜೋಡಿಸುವ ವಕ್ರರೇಖೆ ಮಿತಿಯ ಮೇಲೆ ಹೋಗಬಹುದು; ಡ್ಯಾಕ್‌ನ ಡಿಜಿಟಲ್ ಫಿಲ್ಟರ್‌ನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ತುದಿ ಕತ್ತರಿಸಿಹೋಗುತ್ತದೆ. ನುಡಿಸುವ ತಂತ್ರಾಂಶದಲ್ಲಿ 3 ಡೆಸಿಬೆಲ್ ತಗ್ಗಿಸಿದರೆ ಬಹುಪಾಲು ಸರಿಯಾಗುತ್ತದೆ. ಮಾಸ್ಟರಿಂಗ್‌ನಲ್ಲೇ ಕತ್ತರಿಸಿಹೋದದ್ದನ್ನು ಯಾವ ಡ್ಯಾಕ್ ಕೂಡ ಮರಳಿ ತರಲಾರದು.

ಡಿಎಸ್‌ಡಿ (ಪಿಸಿಎಂಗಿಂತ ಬೇರೆಯಾದ, ಒಂದು ಬಿಟ್‌ನ ಡಿಜಿಟಲ್ ರೂಪ) ಕಡತ ನುಡಿಸಿದಾಗ ಸಂಗೀತದ ಬದಲು ಬರೀ ಭೋರೆಂಬ ಶಬ್ದ ಬಂದರೆ ಕೂಡಲೇ ನಿಲ್ಲಿಸಬೇಕು. ಪಿಸಿಎಂ ವೇಷದಲ್ಲಿ ಕಳುಹಿಸುವ ಡಿಎಸ್‌ಡಿ ಡೇಟಾದಲ್ಲಿ ಡ್ಯಾಕ್ ಗುರುತಿಸಬೇಕಾದ ಸಂಕೇತಗಳಿರುತ್ತವೆ. ಕಂಪ್ಯೂಟರ್‌ನ ವಾಲ್ಯೂಮ್ ಪೂರ್ತಿ ಏರಿಲ್ಲದಿದ್ದರೆ ಅಥವಾ ಮಿಕ್ಸರ್ ನಡುವೆ ಬಂದರೆ ಆ ಸಂಕೇತಗಳು ಅಳಿಸಿಹೋಗುತ್ತವೆ. ಎಸ್‌ಎಸಿಡಿ (ಡಿಎಸ್‌ಡಿ ರೂಪದ ಸಂಗೀತವಿರುವ ಸೂಪರ್ ಆಡಿಯೊ ಸಿ.ಡಿ.) ಪ್ಲೇಯರ್ ಉಳ್ಳವರು ಇನ್ನೂ ಒಂದು ವಿಷಯ ತಿಳಿದಿರಬೇಕು: ಡಿಸ್ಕ್‌ನ ಎಸ್‌ಎಸಿಡಿ ಪದರ ಆಪ್ಟಿಕಲ್, ಕೋಆಕ್ಸಿಯಲ್‌ಗಳ ಮೂಲಕ ಹೊರಬರುವುದಿಲ್ಲ. ಪ್ಲೇಯರನ್ನು ಸಿ.ಡಿ. ಪದರಕ್ಕೆ ಬದಲಿಸಿದರೆ ಮಾತ್ರ ಡ್ಯಾಕ್‌ಗೆ ಸದ್ದು ಸಿಗುತ್ತದೆ.

ಒಂದೇ ಕಡೆ ಸದ್ದು

ಡ್ಯಾಕ್‌ನ ಹಿಂಬದಿಯಲ್ಲಿ ಎಡ ಮತ್ತು ಬಲ ಪ್ಲಗ್‌ಗಳನ್ನು ಅದಲುಬದಲು ಮಾಡಬೇಕು. ಮೌನ ಇನ್ನೊಂದು ಸ್ಪೀಕರ್‌ಗೆ ಹಾರಿದರೆ ದೋಷ ಡ್ಯಾಕ್ ಅಥವಾ ಅದರ ಹಿಂದೆ. ಅದೇ ಸ್ಪೀಕರ್‌ನಲ್ಲಿ ಉಳಿದರೆ ಕೇಬಲ್, ಆಂಪ್ಲಿಫೈಯರ್ ಅಥವಾ ಸ್ಪೀಕರ್. ಎರಡೂ ಕಡೆ ಸದ್ದಿದ್ದು ಮಂದ್ರ ತೆಳುವಾಗಿ, ಗಾಯಕರು ನಡುವೆ ನಿಲ್ಲದೆ ಎಲ್ಲೋ ಹರಡಿಹೋದಂತೆ ಕೇಳಿದರೆ ಒಂದು ಸ್ಪೀಕರ್‌ನ ಕೆಂಪು-ಕಪ್ಪು ತಂತಿಗಳು ತಿರುವುಮುರುವಾಗಿವೆ.

ಬದಲಾವಣೆ ಹಿತವೆನಿಸದಿದ್ದಾಗ

ಹೊಸ ಡ್ಯಾಕ್ ಚುಚ್ಚುವಂತಿದೆ, ಹಳೆಯ ಸಿ.ಡಿ. ಪ್ಲೇಯರ್‌ನದೇ ಇಂಪಾಗಿತ್ತು ಎಂಬ ಮಾತಾಗಲಿ, ಹೊಸದು ಬಂದು ಪರದೆ ಸರಿದಂತಾಯಿತು ಎಂಬ ಮಾತಾಗಲಿ ಸದ್ದಿನ ಮಟ್ಟ ಸಮಗೊಳಿಸುವ ಮುನ್ನ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದು ಸಾಧನ 2 ವೋಲ್ಟ್, ಇನ್ನೊಂದು 2.5 ವೋಲ್ಟ್ ಕೊಟ್ಟರೆ ಸುಮಾರು 1.9 ಡೆಸಿಬೆಲ್ ವ್ಯತ್ಯಾಸವಾಗುತ್ತದೆ. ಕಿವಿ ಅದನ್ನು ಜೋರೆಂದು ತಿಳಿಯದೆ ಬೇರೆ ಗುಣವೆಂದು ತಿಳಿಯುತ್ತದೆ. ಅಳೆಯುವ ಕ್ರಮ ಸರಳ. 50 ಹರ್ಟ್ಸ್‌ನ ಪೂರ್ಣ ಮಟ್ಟದ ಸೈನ್ ಕಡತವೊಂದನ್ನು ಸಿದ್ಧಪಡಿಸಿಕೊಂಡು, ಸಿ.ಡಿ.ಯಲ್ಲೂ ಬರೆದುಕೊಂಡು, ಆರ್‌ಸಿಎ ಕೇಬಲ್ಲನ್ನು ಆಂಪ್ಲಿಫೈಯರ್‌ನಿಂದ ಹೊರತೆಗೆದು, ನುಡಿಸಲು ತೊಡಗಬೇಕು. ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ಗೆ ತಿರುಗಿಸಿ ಕೆಂಪು ಮೊನೆಯನ್ನು ನಡುವಿನ ಪಿನ್‌ಗೂ ಕಪ್ಪು ಮೊನೆಯನ್ನು ಹೊರಬಳೆಗೂ ಮುಟ್ಟಿಸಬೇಕು. ಎರಡು ಮೊನೆಗಳು ಒಂದಕ್ಕೊಂದು ತಾಗಬಾರದು. 50 ಹರ್ಟ್ಸ್ ಆರಿಸುವುದಕ್ಕೆ ಕಾರಣ, ಸಾಧಾರಣ ಮೀಟರ್‌ಗಳು ಆ ಆವರ್ತನದಲ್ಲೇ ನಿಖರ. ಆರ್‌ಸಿಎಯಲ್ಲಿ 2 ವೋಲ್ಟ್‌ನ ಆಸುಪಾಸು, ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್‌ಗಳ ನಡುವೆ 4 ವೋಲ್ಟ್‌ನ ಆಸುಪಾಸು ಸಾಮಾನ್ಯ. ಹೆಚ್ಚು ಕೊಡುವುದನ್ನು ಅದರ ವಾಲ್ಯೂಮ್‌ನಿಂದ ತಗ್ಗಿಸಿ ಎರಡನ್ನೂ ಶೇಕಡಾ 1ರ ಒಳಗೆ ತಂದರೆ ವ್ಯತ್ಯಾಸ 0.1 ಡೆಸಿಬೆಲ್‌ಗಿಂತ ಕಡಿಮೆಯಾಗುತ್ತದೆ. ಆಮೇಲೆ ಇನ್ನೊಬ್ಬರು ಬದಲಿಸುತ್ತಿರಲು, ಯಾವುದೆಂದು ತಿಳಿಯದೆ, ಚೆನ್ನಾಗಿ ಬಲ್ಲ ಒಂದು ವೀಣೆಯ ಅಥವಾ ಗಾಯನದ ಧ್ವನಿಮುದ್ರಣವನ್ನು ಕೇಳಬೇಕು. ಆಗಲೂ ಉಳಿಯುವ ವ್ಯತ್ಯಾಸ ನಿಜವಾದದ್ದು, ಅದನ್ನು ಗೌರವಿಸಬೇಕು. ವ್ಯತ್ಯಾಸ ಉಳಿಯದಿದ್ದರೆ ಹಣವನ್ನು ಸ್ಪೀಕರ್‌ಗೋ ಕೋಣೆಯ ಪರದೆ, ಜಮಖಾನಗಳಿಗೋ ಹಾಕುವುದು ಲೇಸೆಂಬುದು ನನ್ನ ಅಭಿಪ್ರಾಯ.

ಡ್ಯಾಕ್ ನಿಜವಾಗಿಯೂ ಕೆಟ್ಟಿದ್ದರೆ

ಎಲ್ಲವನ್ನೂ ನೋಡಿಯಾದ ಮೇಲೆ ಅಡಾಪ್ಟರನ್ನು ಪರೀಕ್ಷಿಸಬೇಕು. ಅದರ ಮೇಲೆ ಬರೆದಿರುವ ವೋಲ್ಟ್, ಡಿ.ಸಿ.ಯೋ ಎ.ಸಿ.ಯೋ ಎಂಬುದು ಮತ್ತು ಪ್ಲಗ್‌ನ ಪೋಲಾರಿಟಿ ಡ್ಯಾಕ್‌ನ ಹಿಂಬದಿಯ ಬರಹಕ್ಕೆ ಹೊಂದಬೇಕು. ವೈಫೈ ರೂಟರ್‌ನ ಅಡಾಪ್ಟರ್ ಇದಕ್ಕೆ ಕೂರುತ್ತದೆಂಬ ಮಾತ್ರಕ್ಕೆ ಹಾಕಬಾರದು. ಬಳಿಕ ಯಾವ ಹಾಡೂ ಇಲ್ಲದಿರುವಾಗ ಔಟ್‌ಪುಟ್‌ನಲ್ಲಿ ಡಿ.ಸಿ. ವೋಲ್ಟೇಜ್ ಅಳೆಯಬೇಕು. ಕೆಲವೇ ಮಿಲಿವೋಲ್ಟ್‌ಗಳಿದ್ದರೆ ಸರಿ. ನೂರಾರು ಮಿಲಿವೋಲ್ಟ್ ಅಥವಾ ಒಂದು ವೋಲ್ಟ್ ಕಂಡರೆ ಔಟ್‌ಪುಟ್ ಹಂತ ಕೆಟ್ಟಿದೆ, ಅದನ್ನು ಆಂಪ್ಲಿಫೈಯರ್‌ಗೆ ಮತ್ತೆ ಸೇರಿಸಬಾರದು. ಬಿಸಿಯಾದ ಮೇಲೆ ಮಾತ್ರ ಕಾಣುವ ತೊಂದರೆಯಿದ್ದರೆ ಎಷ್ಟು ಹೊತ್ತಿನ ನಂತರ ಕಾಣುತ್ತದೆಂದು ಗಮನಿಸಬೇಕು.

ಫರ್ಮ್‌ವೇರ್ (ಡ್ಯಾಕ್‌ನ ಒಳಗಿನ ತಂತ್ರಾಂಶ) ಹೊಸದು ಹಾಕುವ ಮುನ್ನ ಮಾದರಿಯ ಹೆಸರಲ್ಲದೆ ಆವೃತ್ತಿಯನ್ನೂ ನೋಡುವುದು ಅಗತ್ಯ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿದ್ದ ಡ್ಯಾಕ್ ಚಿಪ್ ತಯಾರಿಸುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದ ಬಳಿಕ ಹಲವು ತಯಾರಕರು ತಮ್ಮ ಡ್ಯಾಕ್‌ಗಳಲ್ಲಿ ಬೇರೆ ಕಂಪನಿಗಳ ಚಿಪ್ ಅಳವಡಿಸಿದರು. ಹಾಗಾಗಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಪೆಟ್ಟಿಗೆಗಳ ಒಳಗೆ ಬೇರೆ ಬೇರೆ ಚಿಪ್ ಇರಬಹುದು, ಫಿಲ್ಟರ್‌ಗಳ ಪಟ್ಟಿಯೂ ಕೈಪಿಡಿಯೂ ಬೇರೆಯಾಗಿರಬಹುದು.

ಸರ್ವಿಸ್‌ಗೆ ಕಳುಹಿಸುವಾಗ ಸದ್ದು ಬರುತ್ತಿಲ್ಲ ಎಂದಷ್ಟೇ ಬರೆಯದೆ, ಯಾವ ಇನ್‌ಪುಟ್‌ನಲ್ಲಿ, ಯಾವ ಸ್ಯಾಂಪಲ್ ರೇಟ್‌ನಲ್ಲಿ, ಯಾವ ಚಾನೆಲ್‌ನಲ್ಲಿ ತೊಂದರೆ ಕಾಣುತ್ತದೆ, ಅಳತೆಯಲ್ಲಿ ಎಷ್ಟು ವೋಲ್ಟ್ ಸಿಕ್ಕಿತು, ಯಾವ ಕೇಬಲ್ ಬದಲಿಸಿ ನೋಡಲಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅಡಾಪ್ಟರನ್ನೂ ಜೊತೆಗಿಟ್ಟು ಕಳುಹಿಸಬೇಕು. ಅಡಾಪ್ಟರ್ ಇಲ್ಲದೆ ಹೋದ ಪೆಟ್ಟಿಗೆಯನ್ನು ಅಲ್ಲಿಯ ಪವರ್ ಸಪ್ಲೈ ಮೇಲೆ ಪರೀಕ್ಷಿಸಿ, ದೋಷ ಕಾಣಲಿಲ್ಲವೆಂದು ಹಾಗೆಯೇ ಮರಳಿಸುವ ಸಾಧ್ಯತೆ ಇರುತ್ತದೆ.